ಸವಳು ನೆಲಕ್ಕೆ ತಾಳುವ ಪಾಪಾಸುಕಳ್ಳಿ: ತಳಿ ಆರಿಸುವ ಸಮಗ್ರ ಮಾರ್ಗದರ್ಶಿ

ಸವಳು ಹೊಲದ ಮೂಲೆಯಲ್ಲಿ ಮುಳ್ಳಿಲ್ಲದ ಪಾಪಾಸುಕಳ್ಳಿ ಹಚ್ಚಿ, ಮೂರು ತಿಂಗಳಿಗೆ ಚಿಗುರು ಕಂಡು, "ಈ ತಳಿ ಉಪ್ಪಿಗೆ ತಾಳುತ್ತದೆ" ಎಂದು ನಿರ್ಧರಿಸಿ ಅಕ್ಕಪಕ್ಕದವರಿಗೆ ಹಂಚಿದವರು ಬಹಳ ಜನ. ಎರಡನೇ ಬೇಸಿಗೆ ಹೊತ್ತಿಗೆ ಗಿಡಗಳು ಸುಕ್ಕುಗಟ್ಟಿ, ಬುಡ ಕೊಳೆತು ಬೀಳುತ್ತವೆ. ಹೆಚ್ಚಿನವರು ತಪ್ಪುವುದು ಒಂದೇ ಜಾಗದಲ್ಲಿ. ನಾವು ನೆಡುವ ಕಳ್ಳಿಯ ಹಾಳೆಯಲ್ಲಿ (ಎಲೆಯಂತೆ ಕಾಣುವ ಚಪ್ಪಟೆ ಕಾಂಡದಲ್ಲಿ) ನೂರಕ್ಕೆ ತೊಂಬತ್ತರಷ್ಟು ನೀರೇ ಇರುತ್ತದೆ, ಜೊತೆಗೆ ಪಿಷ್ಟವೂ ಲವಣಾಂಶಗಳೂ ಇರುತ್ತವೆ. ಅದು ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬಂದಿರುತ್ತದೆ. ಮೊದಲ ಚಿಗುರು ಆ ಬುತ್ತಿಯಿಂದ ಬಂದದ್ದು, ನಿಮ್ಮ ಸವಳು ನೆಲದಿಂದ ಬಂದದ್ದಲ್ಲ. ಬುತ್ತಿ ತೀರಿದ ಮೇಲೆ ಏನಾಗುತ್ತದೆ ಎಂದು ನೋಡುವುದೇ ತಳಿ ಪರೀಕ್ಷೆ. ಕೆಳಗಿನ ಹಂತಗಳನ್ನೆಲ್ಲ ಅದನ್ನು ನೋಡುವುದಕ್ಕಾಗಿಯೇ ಜೋಡಿಸಿದ್ದೇನೆ.

ಕೃಷಿ ವಿದ್ಯಾರ್ಥಿಗಳು, ರೈತ ಉತ್ಪಾದಕರ ಗುಂಪುಗಳು, ಕೈಯಲ್ಲಿ ಒಂದಿಷ್ಟು ಹಾಳುಬಿದ್ದ ನೆಲ ಇರುವ ರೈತರು ಇದನ್ನು ಮಾಡಬಹುದು. ಇರುವ ತಳಿಗಳಲ್ಲಿ ಒಳ್ಳೆಯದನ್ನು ಆರಿಸಲು ಮೂರು ನಾಲ್ಕು ವರ್ಷ ಬೇಕು. ಸಂಕರ ಮಾಡಿ ಹೊಸ ತಳಿ ಹುಟ್ಟಿಸುವುದಾದರೆ ಹತ್ತು ವರ್ಷದ ಮಾತು. ಮೊದಲನೆಯದನ್ನು ಮುಗಿಸದೆ ಎರಡನೆಯದಕ್ಕೆ ಕೈ ಹಾಕಬೇಡಿ.

ಮೊದಲು ಕೈಗೆ ಬೇಕಾದ ಸಾಮಾನು

ಇ.ಸಿ. ಮೀಟರ್ ಮತ್ತು ಪಿ.ಎಚ್. ಮೀಟರ್ ಬೇಕೇ ಬೇಕು. ಇ.ಸಿ. ಅಂದರೆ ವಿದ್ಯುತ್ ವಾಹಕತೆ, ಉಪ್ಪು ಹೆಚ್ಚಿದಷ್ಟೂ ಅದು ಏರುತ್ತದೆ; ಪಿ.ಎಚ್. ಹುಳಿ–ಕ್ಷಾರದ ಅಳತೆ. ಜೇಬಿನಲ್ಲಿಡುವ ಸಣ್ಣವು ಸಾಕು, ಆದರೆ ಅವನ್ನು ಸರಿಹೊಂದಿಸುವ ದ್ರಾವಣವನ್ನೂ ಜೊತೆಗೇ ಕೊಳ್ಳಿ. ಗ್ರಾಂ ತೂಗುವ ತಕ್ಕಡಿ, ತಳದಲ್ಲಿ ತೂತಿರುವ ಹತ್ತು ಹನ್ನೆರಡು ಇಂಚಿನ ಕುಂಡಗಳು, ತೊಳೆದ ಹೊಳೆ ಉಸುಕು, ಅಯೋಡಿನ್ ಸೇರಿಸದ ಕಲ್ಲುಪ್ಪು, ಜಿಪ್ಸಂ, ಹರಿತವಾದ ಚಾಕು, ಬೋರ್ಡೋ ಮುಲಾಮು (ಮೈಲುತುತ್ತ ಮತ್ತು ಸುಣ್ಣದ ಲೇಪ), ಅಳಿಸಿ ಹೋಗದ ಗುರುತು ಚೀಟಿಗಳು ಇರಲಿ. ಚೀಟಿ ಅಲ್ಯೂಮಿನಿಯಂ ತಗಡಿನದಾದರೆ ಒಳ್ಳೆಯದು, ಪ್ಲಾಸ್ಟಿಕ್ ಮೇಲಿನ ಬರಹ ಒಂದು ಬೇಸಿಗೆಗೆ ಮಾಸುತ್ತದೆ.

ದಪ್ಪ ಕೈಗವಸು ಮತ್ತು ಕನ್ನಡಕ ಮರೆಯಬೇಡಿ. ಮುಳ್ಳಿಲ್ಲದ ತಳಿ ಎಂದು ಕರೆಯುವುದರಲ್ಲೂ ಹಾಳೆಯ ಮೇಲೆ ಚಿಗುರು ಮೂಡುವ ಕಣ್ಣುಗಳ ಸುತ್ತ ಕೂದಲಿಗಿಂತ ತೆಳ್ಳಗಿನ ಸೂಜಿಮುಳ್ಳುಗಳ ಗುಚ್ಛ ಇರುತ್ತದೆ. ಗಾಳಿ ಬೀಸುವಾಗ ಹಾಳೆ ಕೊಯ್ದರೆ ಅವು ಹಾರಿ ಕಣ್ಣಿಗೆ ಬೀಳುತ್ತವೆ. ಬೆಳಗಿನ ಇಬ್ಬನಿ ಆರುವ ಮೊದಲೇ ಕೊಯ್ಯುವುದು ಸುರಕ್ಷಿತ.

ಹಂತ 1: ನಿಮ್ಮದು ಯಾವ ಬಗೆಯ ಸವಳು ಎಂದು ತಿಳಿಯಿರಿ

"ಸವಳು-ಜವಳು" ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಅದರೊಳಗೆ ಮೂರು ಬೇರೆ ಬೇರೆ ತೊಂದರೆಗಳಿವೆ, ಮೂರಕ್ಕೂ ಔಷಧ ಬೇರೆ.

ಬೇಸಿಗೆಯಲ್ಲಿ ಮೇಲೆ ಬಿಳಿ ಪುಡಿ ಕಟ್ಟಿ, ಕಾಲಿಟ್ಟರೆ ಮಣ್ಣು ಹಗುರವಾಗಿ ಕುಸಿದರೆ ಅದು ಲವಣ ಮಣ್ಣು. ಪ್ರಯೋಗಾಲಯದ ಲೆಕ್ಕದಲ್ಲಿ ಮಣ್ಣಿನ ಸಂತೃಪ್ತ ಸಾರದ (ಮಣ್ಣು ಹೀರುವಷ್ಟೇ ನೀರು ಕಲಸಿ, ಅದರಿಂದ ಹಿಂಡಿ ತೆಗೆದ ನೀರಿನ) ಇ.ಸಿ. ಮೀಟರಿಗೆ 4 ಡೆಸಿಸೀಮನ್ಸ್ ದಾಟಿರುತ್ತದೆ, ಪಿ.ಎಚ್. 8.5ರ ಒಳಗಿರುತ್ತದೆ. ಒದ್ದೆಯಾದಾಗ ಜಾರುತ್ತಾ, ಒಣಗಿದಾಗ ಕಲ್ಲಿನಂತಾಗಿ, ನಿಂತ ನೀರು ಕಪ್ಪು ಕಂದು ಬಣ್ಣಕ್ಕೆ ತಿರುಗಿದರೆ ಅದು ಕ್ಷಾರ ಮಣ್ಣು. ಅಲ್ಲಿ ಪಿ.ಎಚ್. 8.5 ಮೀರುತ್ತದೆ, ವಿನಿಮಯವಾಗುವ, ಅಂದರೆ ಮಣ್ಣಿನ ಕಣಗಳಿಗೆ ಅಂಟಿಕೊಂಡ ಸೋಡಿಯಂ ಶೇ. 15 ದಾಟುತ್ತದೆ. ಮೂರನೆಯದು ಜವಳು: ಗುಂಡಿ ತೋಡಿದರೆ ಎರಡು ಮೂರು ಅಡಿಗೇ ನೀರು.

ಕಳ್ಳಿಗೆ ಜವಳು ಆಗಿಬರುವುದೇ ಇಲ್ಲ. ಅದರ ಬೇರುಗಳ ಬಹುಪಾಲು ಮೇಲಿನ ಒಂದು ಅಡಿಯಲ್ಲೇ ಹರಡುತ್ತವೆ, ಅವಕ್ಕೆ ಗಾಳಿ ಬೇಕು. ನೀರು ನಿಂತ ನೆಲದಲ್ಲಿ ಯಾವ ತಳಿ ಹಚ್ಚಿದರೂ ಕೊಳೆಯುತ್ತದೆ. ಅದನ್ನು ನೋಡಿ "ಉಪ್ಪಿಗೆ ತಾಳಲಿಲ್ಲ" ಎಂದು ಬರೆದುಕೊಂಡರೆ ಒಳ್ಳೆಯ ತಳಿಯನ್ನೂ ಕಳೆದುಕೊಳ್ಳುತ್ತೀರಿ. ಮೊದಲು ಬಸಿಗಾಲುವೆ ತೆಗೆಯಿರಿ. ಕ್ಷಾರ ಮಣ್ಣಾದರೆ ಪ್ರಯೋಗಾಲಯ ಹೇಳಿದಷ್ಟು ಜಿಪ್ಸಂ ಕೊಟ್ಟು, ಒಂದು ಮಳೆಗಾಲ ಬಿಟ್ಟು, ಆಮೇಲೆ ಪ್ರಯೋಗಕ್ಕೆ ಇಳಿಯಿರಿ.

ಇ.ಸಿ. ಅಳೆಯುವಾಗ ಆಗುವ ಒಂದು ಗೊಂದಲವನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು ಕಲಸಿ ಅಳೆದ ಸಂಖ್ಯೆ, ಸಂತೃಪ್ತ ಸಾರದ ಸಂಖ್ಯೆಗಿಂತ ಬಹಳ ಕಡಿಮೆ ಬರುತ್ತದೆ. ನೀರು ಹೆಚ್ಚಾಗಿ ಉಪ್ಪು ತೆಳುವಾಗುವುದೇ ಕಾರಣ. ಬಹಳಷ್ಟು ಮಣ್ಣು ಪರೀಕ್ಷಾ ಚೀಟಿಗಳಲ್ಲಿ ಇರುವುದು ಈ ತೆಳುವಾದ ಲೆಕ್ಕ. ಅದರಲ್ಲಿ 2 ಎಂದಿದ್ದರೆ ನಿಮ್ಮ ನೆಲ ಒಳ್ಳೆಯದೆಂದು ತಿಳಿಯಬೇಡಿ. ಯಾವ ವಿಧಾನ ಎಂದು ಕೇಳಿ ಬರೆದುಕೊಳ್ಳಿ, ಪ್ರಯೋಗ ಮುಗಿಯುವವರೆಗೂ ಅದೇ ವಿಧಾನ ಇರಲಿ.

ಹಂತ 2: ತಳಿಗಳನ್ನು ಕೂಡಿಸಿ, ಬೇರೆಯಾಗಿಡಿ

ಒಂದೇ ಮೂಲದ ಹಾಳೆಗಳನ್ನು ನೂರು ಕಡೆ ಹಚ್ಚಿದರೆ ಅದು ಆಯ್ಕೆ ಆಗುವುದಿಲ್ಲ, ಒಂದೇ ಗಿಡದ ನೂರು ತುಂಡುಗಳಾಗುತ್ತವೆ. ಕನಿಷ್ಠ ಹತ್ತು ಹನ್ನೆರಡು ಬೇರೆ ಮೂಲಗಳು ಬೇಕು. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆ, ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆ ಇವು ಮೇವಿನ ಕಳ್ಳಿಯ ಮೇಲೆ ಕೆಲಸ ಮಾಡಿವೆ. ಝಾನ್ಸಿ ಸಂಸ್ಥೆಗೆ ಧಾರವಾಡದಲ್ಲಿ ಪ್ರಾದೇಶಿಕ ಕೇಂದ್ರವಿದೆ, ನಮ್ಮವರು ಅಲ್ಲಿಂದ ವಿಚಾರಿಸಲು ಶುರು ಮಾಡುವುದು ಸುಲಭ. 1270, 1271, 1280, 1308 ಎಂಬ ಸಂಖ್ಯೆಯ ತಳಿಗಳು, ಇಟಲಿ ಮೂಲದ ಯೆಲ್ಲೋ ಸ್ಯಾನ್ ಕೋನೊ, ವೈಟ್ ರೊಕ್ಕಪಲುಂಬಾ ಮೊದಲಾದವು ಭಾರತದ ಪ್ರಯೋಗಗಳಲ್ಲಿ ಬಳಕೆಯಾಗಿವೆ. ಹೊರದೇಶದಿಂದ ನೇರವಾಗಿ ಹಾಳೆ ತರಿಸಬೇಡಿ. ತಳಿ ಸಾಮಗ್ರಿ ಬರಬೇಕಾದ್ದು ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋ ಮೂಲಕ, ಕ್ವಾರಂಟೈನ್ ದಾಟಿಯೇ.

ಊರ ಸುತ್ತ ಸವಳು ನೆಲದ ಬದುವಿನಲ್ಲಿ ತಾನಾಗಿ ನಿಂತ ಕಳ್ಳಿಗಳನ್ನೂ ಒಂದೆರಡು ಸೇರಿಸಿ. ಮುಳ್ಳಿದ್ದರೂ ಚಿಂತೆಯಿಲ್ಲ, ಸಂಕರದ ಹಂತದಲ್ಲಿ ಅವು ಬೇಕಾಗಬಹುದು.

ತಂದ ಹಾಳೆಗಳನ್ನು ಎರಡು ತಿಂಗಳು ಪ್ರತ್ಯೇಕವಾಗಿ ಇಡಲೇಬೇಕು. ಹಾಳೆಯ ಮೇಲೆ ಹತ್ತಿಯಂಥ ಬಿಳಿ ಉಂಡೆ ಕಂಡರೆ ಕಡ್ಡಿಯಿಂದ ಒತ್ತಿ ನೋಡಿ. ಕಡುಗೆಂಪು ರಸ ಬಂದರೆ ಅದು ಕೊಚಿನೀಲ್ ಕೀಟ. ಕಾಡುಕಳ್ಳಿಯ ಹಾವಳಿ ತಡೆಯಲು 1926ರಲ್ಲಿ ಇದರ ಒಂದು ಜಾತಿಯನ್ನು ಶ್ರೀಲಂಕಾದಿಂದ ದಕ್ಷಿಣ ಭಾರತಕ್ಕೆ ಬೇಕೆಂದೇ ತರಲಾಗಿತ್ತು. ಅದೇ ಕೀಟ ಮೊರಾಕ್ಕೊ, ಬ್ರೆಜಿಲ್‌ಗಳಲ್ಲಿ ಕಳ್ಳಿ ತೋಟಗಳನ್ನೇ ನೆಲಸಮ ಮಾಡಿದೆ. ಸೋಂಕು ತಗುಲಿದ ಹಾಳೆಯನ್ನು ಉಳಿಸಲು ಹೋಗದೆ ಸುಟ್ಟುಬಿಡಿ.

ಹಂತ 3: ಎಲ್ಲ ಹಾಳೆಗಳನ್ನೂ ಒಂದೇ ಗೆರೆಯಿಂದ ಓಡಿಸಿ

ಒಂದು ತಳಿಯ ಹಾಳೆ ಅರ್ಧ ಕಿಲೋ, ಇನ್ನೊಂದರದು ಒಂದೂವರೆ ಕಿಲೋ ಇದ್ದರೆ ಗೆಲ್ಲುವುದು ದೊಡ್ಡ ಹಾಳೆ, ಒಳ್ಳೆಯ ತಳಿಯಲ್ಲ. ಆದ್ದರಿಂದ ಬಂದ ಎಲ್ಲ ತಳಿಗಳನ್ನೂ ಮೊದಲು ನಿಮ್ಮದೇ ಒಳ್ಳೆಯ ನೆಲದಲ್ಲಿ ಒಂದು ವರ್ಷ ಬೆಳೆಸಿ. ಅಲ್ಲಿ ಬಂದ ಹಾಳೆಗಳೇ ಪ್ರಯೋಗದ ಬೀಜ.

1. ಒಂದು ವರ್ಷ ಬಲಿತ, ಗಾಯವಿಲ್ಲದ ಹಾಳೆಯನ್ನು ಗೆಣ್ಣಿನಲ್ಲೇ ಚಾಕುವಿನಿಂದ ಕೊಯ್ಯಿರಿ. ಕೈಯಿಂದ ತಿರುಚಿ ಕೀಳಬೇಡಿ, ಬುಡ ಹರಿದರೆ ಅಲ್ಲಿಂದಲೇ ಕೊಳೆ ಶುರುವಾಗುತ್ತದೆ.
2. ತಳಿಯೊಳಗೆ ತೂಕದ ವ್ಯತ್ಯಾಸ ಹತ್ತನೇ ಒಂದು ಪಾಲಿಗಿಂತ ಹೆಚ್ಚಿರದಂತೆ ಆರಿಸಿ. ಪ್ರತಿ ಹಾಳೆಯ ತೂಕವನ್ನೂ ಬರೆದಿಡಿ.
3. ಕೊಯ್ದ ಬಾಯಿಗೆ ಬೋರ್ಡೋ ಮುಲಾಮು ಹಚ್ಚಿ, ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ವಾರ ನಿಲ್ಲಿಸಿಡಿ. ಗಾಯ ಒಣಗಿ, ಬೆರಳಿಗೆ ಬಿರುಸಾಗಿ, ಬೂದು ಬಣ್ಣದ ತೊಗಟೆಯಂತೆ ತಾಗಬೇಕು. ಒತ್ತಿದಾಗ ಮೆತ್ತಗಿದ್ದರೆ ಇನ್ನೊಂದು ವಾರ ಕಾಯಿರಿ.
4. ಮೂರನೇ ಒಂದು ಭಾಗ ಮಣ್ಣಿನೊಳಗೆ ಹೋಗುವಂತೆ, ಚಪ್ಪಟೆ ಮೈಗಳು ಪೂರ್ವ–ಪಶ್ಚಿಮಕ್ಕೆ ಮುಖ ಮಾಡುವಂತೆ ನೆಡಿ. ಎಲ್ಲ ಹಾಳೆಗಳಿಗೂ ದಿಕ್ಕು ಒಂದೇ ಇರಲಿ, ಬಿಸಿಲು ಬೀಳುವ ರೀತಿ ಬದಲಾದರೆ ಬೆಳವಣಿಗೆಯೂ ಬದಲಾಗುತ್ತದೆ.

ಹಂತ 4: ಕುಂಡದ ಪರೀಕ್ಷೆ

ಕುಂಡದಲ್ಲಿ ಉಪ್ಪು ನಿಮ್ಮ ಹಿಡಿತದಲ್ಲಿರುತ್ತದೆ, ಹೊಲದಲ್ಲಿ ಇರುವುದಿಲ್ಲ. ನೇರ ಹೊಲಕ್ಕೆ ಹೋಗುವವರು ಈ ಹಂತ ಬಿಟ್ಟೇ ಕೆಡುತ್ತಾರೆ. ಉಸುಕು ಮುಕ್ಕಾಲು, ಹೊಲದ ಮಣ್ಣು ಕಾಲು ಪಾಲು ಬೆರೆಸಿ ತುಂಬಿ. ಪ್ರತಿ ತಳಿಗೆ, ಪ್ರತಿ ಉಪ್ಪಿನ ಮಟ್ಟಕ್ಕೆ ಕನಿಷ್ಠ ಐದು ಕುಂಡ. ಮೇಲೆ ಮಳೆ ತಡೆಯುವ ಪಾಲಿಥೀನ್ ಚಪ್ಪರ ಬೇಕು, ಒಂದು ಜೋರು ಮಳೆ ನಿಮ್ಮ ಉಪ್ಪನ್ನೆಲ್ಲ ತೊಳೆದು ಹಾಕುತ್ತದೆ.

ಮೊದಲ ಆರು ವಾರ ಎಲ್ಲಕ್ಕೂ ಸಿಹಿನೀರು. ಬೇರು ಹಿಡಿದ ಮೇಲೆ ನಾಲ್ಕು ಮಟ್ಟ ಮಾಡಿ: ಸಿಹಿನೀರು, ಲೀಟರಿಗೆ 2.9 ಗ್ರಾಂ ಉಪ್ಪು, 5.8 ಗ್ರಾಂ, 8.8 ಗ್ರಾಂ. ಉಪ್ಪು ಹಾಕಿದ ಮೂರರ ಇ.ಸಿ. ಸುಮಾರಾಗಿ 5.5, 10.5, 15 ಡೆಸಿಸೀಮನ್ಸ್ ಆಸುಪಾಸಿನಲ್ಲಿ ಬರುತ್ತದೆ. ಪಾಪಾಸುಕಳ್ಳಿ ಬರಕ್ಕೆ ಗಟ್ಟಿಯಾದರೂ ಉಪ್ಪಿಗೆ ಅಷ್ಟು ಗಟ್ಟಿಯಲ್ಲ. ಸಾಗುವಳಿಗೆ ಸಂಶೋಧಕರು ಹಾಕಿರುವ ಮಿತಿ ಲೀಟರಿಗೆ ಸುಮಾರು 3ರಿಂದ 4 ಗ್ರಾಂ ಅಡುಗೆ ಉಪ್ಪಿಗೆ ಸಮ. ಹಾಗಾಗಿ ಎರಡನೇ ಮಟ್ಟದಲ್ಲಿ ಎಲ್ಲವೂ ಹೆಚ್ಚು ಕಡಿಮೆ ಬದುಕುತ್ತವೆ, ತಳಿ ತಳಿಗೆ ವ್ಯತ್ಯಾಸ ಕಾಣುವುದು ಮೂರನೆಯದರಲ್ಲಿ. ನಾಲ್ಕನೆಯದು ಸೋಲುವ ರೀತಿ ನೋಡುವುದಕ್ಕೆ.

ಉಪ್ಪನ್ನು ಒಮ್ಮೆಲೇ ಪೂರ್ತಿ ಕೊಡಬೇಡಿ. ಪ್ರತಿ ಸಲ ನೀರು ಕೊಡುವಾಗ ಲೀಟರಿಗೆ ಒಂದೂವರೆ ಗ್ರಾಂನಂತೆ ಏರಿಸುತ್ತಾ ಹೋಗಿ. ಬರೀ ಕಲ್ಲುಪ್ಪು ಕೊಟ್ಟರೆ ಗಿಡಕ್ಕೆ ಕ್ಯಾಲ್ಸಿಯಂ ಸಿಗದ ತೊಂದರೆಯೂ ಬೆರೆತುಕೊಳ್ಳುತ್ತದೆ, ಆದ್ದರಿಂದ ಸಿಹಿನೀರೂ ಸೇರಿ ಎಲ್ಲ ಮಟ್ಟಕ್ಕೂ ಲೀಟರಿಗೆ ಅರ್ಧ ಗ್ರಾಂ ಜಿಪ್ಸಂ ಕರಗಿಸಿ. ವಾರ, ಹತ್ತು ದಿನಕ್ಕೊಮ್ಮೆ ಕೆಳಗಿನ ತೂತಿನಿಂದ ನೀರು ಬಸಿಯುವಷ್ಟು ಹಾಕಿ.

ಹೀಗೆ ಬಸಿದ ನೀರಿನ ಇ.ಸಿ.ಯನ್ನು ತಿಂಗಳಿಗೊಮ್ಮೆ ಅಳೆಯಲೇಬೇಕು. ನೀವು ಹಾಕಿದ್ದು 10 ಇದ್ದು ಬಸಿದದ್ದು 20 ಬಂದರೆ ಕುಂಡದಲ್ಲಿ ಉಪ್ಪು ಕೂಡಿಕೊಂಡಿದೆ ಎಂದರ್ಥ. ಆಗ ಅದೇ ಮಟ್ಟದ ನೀರನ್ನು ಧಾರಾಳವಾಗಿ ಹಾಯಿಸಿ ತೊಳೆಯಿರಿ.

ಇನ್ನು ಬುತ್ತಿಯ ವಿಷಯ. ಮೊದಲ ಹೊಸ ಹಾಳೆಗಳು ಬಲಿತ ಮೇಲೆ, ಅಂದರೆ ಆರೇಳು ತಿಂಗಳಿಗೆ, ಅವನ್ನು ಕೊಯ್ದು ಒಣಗಿಸಿ ಅದೇ ಉಪ್ಪಿನ ಮಟ್ಟದ ಬೇರೆ ಕುಂಡದಲ್ಲಿ ನೆಡಿ. ತಾಯಿ ಹಾಳೆ ಸಿಹಿ ನೆಲದಿಂದ ತಂದಿದ್ದು ಈಗ ಬಹುಮಟ್ಟಿಗೆ ಮುಗಿದಿರುತ್ತದೆ. ಈ ಎರಡನೇ ಪೀಳಿಗೆ ಹೊಸ ಬೇರು ಬಿಟ್ಟು, ಹೊಸ ಹಾಳೆ ಕೊಟ್ಟರೆ ಮಾತ್ರ ಆ ತಳಿ ಮುಂದಿನ ಹಂತಕ್ಕೆ. ಮೊದಲ ಸುತ್ತಿನಲ್ಲಿ ಮುಂದಿದ್ದ ತಳಿ ಇಲ್ಲಿ ಹಿಂದೆ ಬಿದ್ದರೆ ಬೇಸರಪಡದೆ ಕೈಬಿಡಿ.

ಬೇರನ್ನು ಕಣ್ಣಾರೆ ನೋಡಿ. ಪ್ರತಿ ಮಟ್ಟದಿಂದ ಒಂದು ಕುಂಡವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಉಸುಕು ಬಿಡಿಸಿ. ಉಪ್ಪು ಮೊದಲು ಹೊಡೆಯುವುದು ಬೇರಿಗೆ, ಹಾಳೆಗೆ ಅದು ಕಾಣುವುದು ತಡವಾಗಿ. ತಾಳುವ ತಳಿಯಲ್ಲಿ ನೀರು ಕೊಟ್ಟ ಕೆಲವೇ ದಿನಕ್ಕೆ ಹಳೇ ಕಂದು ಬೇರಿನ ಮೈಮೇಲೆ ದಾರದಂಥ ಬಿಳಿ ಬೇರುಗಳು ಮೂಡಿರುತ್ತವೆ. ತಾಳದ್ದರಲ್ಲಿ ತುದಿಗಳು ಕಪ್ಪಾಗಿ ಮೊಂಡಾಗಿರುತ್ತವೆ, ಹಾಳೆ ಮಾತ್ರ ಇನ್ನೂ ಹಸಿರಾಗಿಯೇ ಇರುತ್ತದೆ.

ಹಂತ 5: ಹೊಲದ ಪ್ರಯೋಗ

ಕುಂಡದಲ್ಲಿ ಗೆದ್ದ ನಾಲ್ಕೈದು ತಳಿ ಸಾಕು. ಜೊತೆಗೆ ಒಂದು ಸ್ಥಳೀಯ ತಳಿ ಹೋಲಿಕೆಗೆ.

ಸವಳು ಹೊಲದಲ್ಲಿ ಹತ್ತು ಹೆಜ್ಜೆಗೆ ಉಪ್ಪು ಬದಲಾಗುತ್ತದೆ. ನೆಡುವ ಮೊದಲು ಹೊಲವನ್ನು ಐದು ಮೀಟರ್ ಚೌಕಗಳಾಗಿ ಮಾಡಿ, ಪ್ರತಿ ಚೌಕದಿಂದ 0–15 ಮತ್ತು 15–30 ಸೆಂ.ಮೀ. ಆಳದ ಮಣ್ಣು ತೆಗೆದು ಇ.ಸಿ. ಅಳೆದು ನಕ್ಷೆ ಬರೆಯಿರಿ. ಉಪ್ಪು ಸರಿಸುಮಾರು ಒಂದೇ ಇರುವ ಜಾಗಗಳನ್ನು ಒಂದು ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ಎಲ್ಲ ತಳಿಗಳು ಬರಬೇಕು, ಯಾವುದು ಎಲ್ಲಿ ಎಂದು ಚೀಟಿ ಎತ್ತಿ ತೀರ್ಮಾನಿಸಿ. ಇಂಥ ನಾಲ್ಕು ಗುಂಪು ಬೇಕು. ಒಳ್ಳೆಯ ನೆಲದಲ್ಲೂ ಇದೇ ಪ್ರಯೋಗ ಜೊತೆಜೊತೆಗೆ ನಡೆಯಬೇಕು, ಅದಿಲ್ಲದೆ ಹೋಲಿಕೆಯೇ ಇಲ್ಲ.

ಎರೆ ನೆಲದಲ್ಲಿ ಒಂದೂವರೆ ಅಡಿ ಎತ್ತರದ ಏರುಮಡಿ ಹಾಕಿ. ಆದರೆ ಮಡಿಯ ನೆತ್ತಿಯ ಮೇಲೆ ನೆಡಬೇಡಿ. ಸಾಲಿನಲ್ಲಿ ಹರಿದ ನೀರು ಮಡಿಯೊಳಗೆ ಹೀರಿ ಮೇಲೇರಿ, ನೆತ್ತಿಯಲ್ಲಿ ಆರುವಾಗ ಉಪ್ಪನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಬೇಸಿಗೆಯಲ್ಲಿ ಬಿಳಿ ಗೆರೆ ಕಾಣುವುದು ಅಲ್ಲಿಯೇ. ಮಡಿಯ ಓರೆಯಲ್ಲಿ, ನೆತ್ತಿಗೂ ಸಾಲಿಗೂ ನಡುವೆ ನೆಟ್ಟರೆ ಬೇರು ಆ ಗೆರೆಯಿಂದ ತಪ್ಪಿಸಿಕೊಳ್ಳುತ್ತದೆ.

ಗಿಡದಿಂದ ಗಿಡಕ್ಕೆ ಒಂದು ಮೀಟರ್, ಸಾಲಿನಿಂದ ಸಾಲಿಗೆ ಎರಡು ಮೀಟರ್. ಹಿಂಗಾರು ಮಳೆ ಹಿಂದೆಗೆದು ನೆಲ ಕೊಂಚ ಆರಿದ ಹೊತ್ತು ನೆಡಲು ಒಳ್ಳೆಯದು, ಮಳೆ ಮೇಲಿನ ಉಪ್ಪನ್ನು ಕೆಳಗೆ ತಳ್ಳಿರುತ್ತದೆ, ಹಸಿಯೂ ಇರುತ್ತದೆ. ನೆಟ್ಟ ಕೂಡಲೇ ನೀರು ಕೊಡಬೇಡಿ, ಹತ್ತು ದಿನ ತಡೆಯಿರಿ.

ಮಣ್ಣಿನ ಇ.ಸಿ.ಯನ್ನು ನೆಟ್ಟಾಗ, ಏಪ್ರಿಲ್–ಮೇ ತಿಂಗಳಲ್ಲಿ, ಮಳೆಗಾಲ ಮುಗಿದ ಮೇಲೆ ಮತ್ತೆ ಮತ್ತೆ ಅಳೆಯಿರಿ. ಎರಡು ಬೇಸಿಗೆ ದಾಟುವವರೆಗೆ ತೀರ್ಪು ಬೇಡ.

ಹಂತ 6: ಅಳತೆ ಮತ್ತು ಲೆಕ್ಕ

ಹಸಿ ತೂಕವನ್ನು ಮಾತ್ರ ನಂಬಬೇಡಿ. ಮಳೆ ಬಂದ ವಾರದಲ್ಲಿ ಹಾಳೆ ಉಬ್ಬುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ. ಹಾಳೆಯನ್ನು ತೆಳ್ಳಗೆ ಹೆಚ್ಚಿ, 65–70 ಡಿಗ್ರಿ ಸೆಲ್ಸಿಯಸ್ ಒವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಒಣ ತೂಕ ಬರೆದುಕೊಳ್ಳಿ. ಹೊಸ ಹಾಳೆಗಳ ಸಂಖ್ಯೆ, ಗಿಡ ಉಳಿದ ಪ್ರಮಾಣ, ಎಳೆ ಹಾಳೆಯಲ್ಲಿನ ಸೋಡಿಯಂ–ಪೊಟ್ಯಾಸಿಯಂ ಅನುಪಾತ ಇವು ಉಳಿದ ಮುಖ್ಯ ಅಳತೆಗಳು. ಕೊನೆಯದನ್ನು ಕೃಷಿ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಮಾಡಿಸಿ. ಬೇರಿನಲ್ಲಿ ಸೋಡಿಯಂ ತಡೆದು ಎಳೆ ಹಾಳೆಗೆ ಬಿಡದ ತಳಿಗೆ ಹೆಚ್ಚು ಬೆಲೆ ಕೊಡಿ.

ಲೆಕ್ಕದಲ್ಲಿ ಒಂದು ಬಲೆ ಇದೆ. ಒಂದು ತಳಿ ಒಳ್ಳೆಯ ನೆಲದಲ್ಲಿ ಗಿಡಕ್ಕೆ 10 ಕಿಲೋ, ಸವಳಿನಲ್ಲಿ 6 ಕಿಲೋ ಕೊಟ್ಟಿತು ಎಂದುಕೊಳ್ಳಿ. ಇನ್ನೊಂದು 4 ಕಿಲೋ ಮತ್ತು 3.2 ಕಿಲೋ. ಶೇಕಡಾವಾರು ನೋಡಿದರೆ ಎರಡನೆಯದೇ ಗೆದ್ದಿತು: ಶೇ. 80ರ ಮುಂದೆ ಶೇ. 60. ಆದರೆ ದನಕ್ಕೆ ಹಾಕುವಾಗ ಬುಟ್ಟಿ ತುಂಬಿಸುವುದು ಮೊದಲನೆಯದು. ನಿಧಾನ ಬೆಳೆಯುವ ಗಿಡ ಕಡಿಮೆ ಉಪ್ಪು ಹೀರಿ ಶೇಕಡಾವಾರಿನಲ್ಲಿ ಸಾಮಾನ್ಯವಾಗಿ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಎರಡೂ ನೆಲದ ಇಳುವರಿಯನ್ನು ಗುಣಿಸಿ ಹೋಲಿಸಿ: 60 ಮತ್ತು 12.8. ನನ್ನ ಮಟ್ಟಿಗೆ ಆಯ್ಕೆಗೆ ಇದೇ ಸರಿಯಾದ ಅಳತೆಗೋಲು.

ಹಂತ 7: ಸಂಕರ, ತಾಳ್ಮೆ ಇದ್ದವರಿಗೆ

ಪಾಪಾಸುಕಳ್ಳಿಯ ಸಂಕರ ಕಷ್ಟವಾಗುವುದು ಎರಡು ಕಾರಣಕ್ಕೆ. ಸಾಗುವಳಿ ಕಳ್ಳಿ ಅಷ್ಟಗುಣಿತ, ಅಂದರೆ ವರ್ಣತಂತುಗಳ ಎಂಟು ಕಟ್ಟು, ಒಟ್ಟು 88 ಇವೆ, ಗುಣಗಳು ಸರಳವಾಗಿ ಬೇರ್ಪಡುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು: ಒಂದೇ ಬೀಜದಲ್ಲಿ ಎರಡು ಮೂರು ಭ್ರೂಣಗಳಿದ್ದು, ಅವುಗಳಲ್ಲಿ ಕೆಲವು ಪರಾಗದ ಸಂಬಂಧವೇ ಇಲ್ಲದೆ ತಾಯಿಯ ಅಂಗಾಂಶದಿಂದ ಹುಟ್ಟಿರುತ್ತವೆ. ಅವು ತಾಯಿಯ ನಕಲು. ಅವನ್ನೇ ಸಂಕರ ಎಂದು ವರ್ಷಗಟ್ಟಲೆ ಸಾಕಿದರೆ ಶ್ರಮವೆಲ್ಲ ಹಾಳು.

1. ನಾಳೆ ಅರಳಲಿರುವ ಮೊಗ್ಗನ್ನು ಇಂದು ಮಧ್ಯಾಹ್ನ ಆರಿಸಿ. ದಳಗಳನ್ನು ಬ್ಲೇಡಿನಿಂದ ಸುತ್ತಲೂ ಕೊಯ್ದು, ಕೇಸರಗಳನ್ನೆಲ್ಲ ತೆಗೆದು, ನೀರಿನಿಂದ ತೊಳೆದು, ಬೆಣ್ಣೆ ಕಾಗದದ ಚೀಲ ಕಟ್ಟಿ.
2. ಮರುದಿನ ಬೆಳಗ್ಗೆ ಗಂಡು ತಳಿಯ ಪರಾಗ ಸವರಿ, ಮತ್ತೆ ಚೀಲ ಕಟ್ಟಿ ಗುರುತು ಹಾಕಿ.
3. ಕೆಲವು ಹೂಗಳ ಕೇಸರ ತೆಗೆದು ಪರಾಗ ಹಾಕದೆ ಹಾಗೇ ಚೀಲದಲ್ಲಿ ಬಿಡಿ. ಅವುಗಳಲ್ಲೂ ಬೀಜ ಕಟ್ಟಿದರೆ ನಕಲು ಭ್ರೂಣದ ಹಾವಳಿ, ಇಲ್ಲವೇ ಕೇಸರ ತೆಗೆಯುವಲ್ಲಿ ತಪ್ಪು, ಎರಡರಲ್ಲೊಂದು ಇದೆ.
4. ಬೀಜದ ಚಿಪ್ಪು ಬಹಳ ಗಟ್ಟಿ. ಉಜ್ಜುಕಾಗದದಿಂದ ಒಂದು ಬದಿ ತಿಕ್ಕಿ, ಒಂದು ದಿನ ನೆನೆಸಿ ಬಿತ್ತಿ. ಮೊಳಕೆ ವಾರಗಟ್ಟಲೆ ಬಿಡಿಬಿಡಿಯಾಗಿ ಬರುತ್ತದೆ.
5. ಸಸಿಗಳ ಎಳೆ ಕಾಂಡದ ತುಣುಕನ್ನು ಡಿ.ಎನ್.ಎ. ಪರೀಕ್ಷೆಗೆ ಕಳಿಸಿ, ನಿಜವಾದ ಸಂಕರಗಳನ್ನು ಮಾತ್ರ ಉಳಿಸಿಕೊಳ್ಳಿ. ಈ ಖರ್ಚಿಗೆ ವಿಶ್ವವಿದ್ಯಾಲಯದ ಜೊತೆಗಾರಿಕೆ ಬೇಕು, ಒಬ್ಬರೇ ಹೊರುವಂಥದ್ದಲ್ಲ.

ಮುಳ್ಳಿಲ್ಲದ ತಾಯಿಯ ಸಸಿಗಳಲ್ಲೂ ಎಳೆಯದರಲ್ಲಿ ಮುಳ್ಳು ಕಾಣಬಹುದು. ಎರಡು ವರ್ಷ ಕಳೆಯದೆ ಕಿತ್ತೆಸೆಯಬೇಡಿ. ಸಸಿ ಬೇಗ ದೊಡ್ಡದಾಗಲೆಂದು ಬಲಿತ ಕಳ್ಳಿಯ ಮೇಲೆ ಕಸಿ ಕಟ್ಟುವವರಿದ್ದಾರೆ. ಹಾಳೆ ಹೆಚ್ಚಿಸಲು ಅದು ಸರಿ, ಆದರೆ ಆ ಕಸಿ ಗಿಡವನ್ನೇ ಉಪ್ಪಿನ ಪರೀಕ್ಷೆಗೆ ಒಡ್ಡಿದರೆ ನೀವು ಪರೀಕ್ಷಿಸುವುದು ಕೆಳಗಿನ ಗಿಡದ ಬೇರನ್ನು. ಹಾಳೆ ಕೊಯ್ದು ಸ್ವಂತ ಬೇರು ಬರಿಸಿ, ಮೂರನೇ ಹಂತದಿಂದ ಮತ್ತೆ ಶುರು ಮಾಡಿ.

ಕೂಡಲೇ ಗಮನ ಕೊಡಬೇಕಾದ ಸೂಚನೆಗಳು

ಬುಡ ಮೆತ್ತಗಾಗಿ, ಕಂದು ನೀರು ಒಸರಿ, ಹುಳಿ ವಾಸನೆ ಬಂದರೆ ಅದು ಕೊಳೆ. ತೇವ ಹೆಚ್ಚಾಗಿದೆ, ನೀರು ನಿಲ್ಲಿಸಿ. ಮಣ್ಣು ಹಸಿಯಾಗಿದ್ದರೂ ಹಾಳೆ ಸುಕ್ಕುಗಟ್ಟುತ್ತಿದ್ದರೆ ಬೇರಿಗೆ ಉಪ್ಪು ಹೊಡೆದಿದೆ. ಮಣ್ಣು ಒಣಗಿದ್ದು ಸುಕ್ಕಾಗಿದ್ದರೆ ಅದು ಬರೀ ಬಾಯಾರಿಕೆ, ನೀರು ಕೊಟ್ಟ ವಾರದಲ್ಲಿ ನೇರವಾಗುತ್ತದೆ. ಈ ಎರಡನ್ನು ಬೆರಸಿ, ಉಪ್ಪು ಹೊಡೆದ ಗಿಡಕ್ಕೆ ಉಪ್ಪುನೀರನ್ನೇ ಇನ್ನಷ್ಟು ಸುರಿಯುವುದು ಎಲ್ಲ ಕಡೆ ಕಾಣುವ ತಪ್ಪು. ಹೊಸ ಹಾಳೆಗಳು ಹುಟ್ಟುತ್ತಿದ್ದರೂ ಸುತ್ತಿನಿಂದ ಸುತ್ತಿಗೆ ಚಿಕ್ಕದಾಗಿ ತೆಳುವಾಗುತ್ತಿದ್ದರೆ, ಆ ತಳಿ ನಿಧಾನವಾಗಿ ಸೋಲುತ್ತಿದೆ.

ಹಂತ 8: ಮೇವಿಗೆ ಹಾಕುವ ಮೊದಲು, ಹಂಚುವ ಮೊದಲು

ಹಾಳು ನೆಲದಲ್ಲಿ ಬೆಳೆದ ಕಳ್ಳಿ ಆ ನೆಲದಲ್ಲಿರುವುದನ್ನೇ ಹೀರುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಪಶ್ಚಿಮ ಭಾಗದಲ್ಲಿ ಉಪ್ಪು, ಬೋರಾನ್, ಸೆಲೆನಿಯಂ ಮೂರೂ ಹೆಚ್ಚಿರುವ ಮಣ್ಣಿದೆ. ಅಲ್ಲಿ ಅಮೆರಿಕದ ಕೃಷಿ ಇಲಾಖೆಯ ಗ್ಯಾರಿ ಬಾನ್ಯುವೆಲೋಸ್ ಮತ್ತು ಸಂಗಡಿಗರು ಪಾಪಾಸುಕಳ್ಳಿ ತಳಿಗಳನ್ನು ಪರೀಕ್ಷಿಸಿದಾಗ ಸೆಲೆನಿಯಂ ಹಾಳೆಗೂ ಹಣ್ಣಿಗೂ ಸೇರಿದ್ದು ಕಂಡಿತು. ಅದು ಮಿತಿಯಲ್ಲಿದ್ದರೆ ಪೋಷಕಾಂಶ, ಮೀರಿದರೆ ವಿಷ. ನಿಮ್ಮ ಹಾಳೆಯ ಸೋಡಿಯಂ, ಬೋರಾನ್, ಭಾರ ಲೋಹಗಳನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಚೀಟಿ ನೋಡಿದ ಮೇಲೆ ಮೇವಿಗೆ ಹಾಕಿ.

ಕಳ್ಳಿಯೊಂದನ್ನೇ ಹೊಟ್ಟೆ ತುಂಬ ಹಾಕಿದರೆ ದನ ಕುರಿಗಳಿಗೆ ಭೇದಿ ಹಿಡಿಯುತ್ತದೆ. ಒಣ ಲೆಕ್ಕದಲ್ಲಿ ಅದರ ಪ್ರೋಟೀನು ಶೇ. 4–6ರ ಆಸುಪಾಸು ಮಾತ್ರ. ಜೋಳದ ಕಣಕಿ, ತೊಗರಿ ಹೊಟ್ಟಿನ ಜೊತೆ ಹೆಚ್ಚಿ ಬೆರೆಸಿ, ಸ್ವಲ್ಪದಿಂದ ಶುರು ಮಾಡಿ ಎರಡು ವಾರದಲ್ಲಿ ಏರಿಸಿ.

ಗೆದ್ದ ತಳಿಯ ತಾಯಿ ಗಿಡಗಳನ್ನು ಒಳ್ಳೆಯ ನೆಲದಲ್ಲಿ ಬೇಲಿಯೊಳಗೆ ಇರಿಸಿ, ಹಂಚುವ ಹಾಳೆ ಅಲ್ಲಿಂದಲೇ ಹೋಗಲಿ. ಪ್ರತಿ ಕಟ್ಟಿನ ಜೊತೆ ಒಂದು ಚೀಟಿ ಇಡಿ: ತಳಿಯ ಗುರುತು, ಯಾವ ಇ.ಸಿ. ಮತ್ತು ಪಿ.ಎಚ್. ವರೆಗೆ ಪರೀಕ್ಷಿಸಿದ್ದು, ಯಾವ ವಿಧಾನದಲ್ಲಿ ಅಳೆದದ್ದು, ಎಷ್ಟು ಬೇಸಿಗೆ ದಾಟಿದ್ದು. ಉಳಿದ ತುಂಡುಗಳನ್ನು ಗೋಮಾಳ, ಹಳ್ಳದ ದಂಡೆಗೆ ಎಸೆಯಬೇಡಿ. ಬಿದ್ದ ಪ್ರತಿ ತುಂಡೂ ಬೇರು ಬಿಡುತ್ತದೆ, ಬೀಜದಿಂದ ಬಂದವುಗಳಿಗೆ ಮುಳ್ಳು ಮರಳಬಹುದು. ಪೂರ್ತಿ ಒಣಗಿಸಿ ಸುಡಿ, ಇಲ್ಲವೇ ಮೂರಡಿ ಆಳದ ಗುಂಡಿಯಲ್ಲಿ ಹೂಳಿ.